ಬೆಣ್ಣೆ ಸವರಿದ ಅಗಳಿ

ನಾನು ಬರೆದ ಒಂದು ಪ್ಯಾರಾದ ಕಾರಣಕ್ಕೆ ಒಬ್ಬ ಕುರಿಗಾರನ ಬಲಗೈಯ ಮೂರು ಬೆರಳು ಮುರಿದವು. ಆ ಪ್ಯಾರಾ ಪತ್ರಿಕೆಯಲ್ಲಿ ಬಂದದ್ದಲ್ಲ, ಕೋಟೆಯ ಬಾಗಿಲ ಪಕ್ಕದ ಕಪ್ಪು ಗ್ರಾನೈಟ್ ಫಲಕದಲ್ಲಿ ಕೆತ್ತಿದ್ದು. ಪತ್ರಿಕೆಯ ತಪ್ಪು ವಾರದೊಳಗೆ ರದ್ದಿಗೆ ಹೋಗುತ್ತದೆ. ಕಲ್ಲಿನದು ಹೋಗುವುದಿಲ್ಲ.

ಆಗ ನಾನು ಚಿಕ್ಕೋಡಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲವೂ ನನ್ನ ಪಾಲಿಗೇ ಇದ್ದವು. ಅಕ್ಕೋಳದ ದಾರಿಯಿಂದ ಒಳಕ್ಕೆ, ನದಿಯ ಮೇಲಿನ ದಿಬ್ಬದಲ್ಲಿ ಒಂದು ಸಣ್ಣ ಕೋಟೆ ಇದೆ. ಊರಿನ ಹೆಸರು ಬರೆಯುವುದಿಲ್ಲ, ಆ ಕುರಿಗಾರನ ಮನೆಯವರು ಇನ್ನೂ ಅಲ್ಲೇ ಬದುಕುತ್ತಿದ್ದಾರೆ. ಮೊದಲು ಅದು ಒಬ್ಬ ದೇಸಾಯಿಯ ಠಾಣೆ. ಕಂಪನಿಯ ದಂಡು ಅದನ್ನು ಗೆದ್ದು, ಒಡೆದ ಗೋಡೆಗಳನ್ನು ತನ್ನ ರೀತಿಯಲ್ಲಿ ಕಟ್ಟಿಕೊಂಡು, ನದಿಯಾಚೆಯ ಸಂಸ್ಥಾನದ ಮೇಲೆ ಕಣ್ಣಿಟ್ಟು ಬಹಳ ಕಾಲ ಅಲ್ಲಿ ಕುಳಿತಿತ್ತು. ಈಗ ನಿಂತಿರುವುದು ಬ್ರಿಟಿಷರ ಕೋಟೆಯೇ: ತೋಪಿನ ಕಟ್ಟೆ, ಮದ್ದಿನ ಕೋಣೆ, ಸಿಪಾಯಿಗಳ ಉದ್ದನೆಯ ಸಾಲುಮನೆ, ಗಲ್ಲಿಗೆ ಹಾಕುತ್ತಿದ್ದ ತೊಲೆ. ಸರ್ಕಾರ ಅದನ್ನು ದುರಸ್ತಿ ಮಾಡಿಸಿ ಪ್ರವಾಸಿಗರಿಗೆ ತೆರೆಯಲು ಹೊರಟಿತ್ತು. ಬಾಗಿಲಲ್ಲಿ ಇಡುವ ಫಲಕಕ್ಕೆ ಕೋಟೆಯ ಇತಿಹಾಸ ಬರೆದುಕೊಡುವಂತೆ ನನ್ನನ್ನು ಕೇಳಿದರು. ಒಪ್ಪಿಕೊಂಡೆ.

ನನ್ನ ಕೈಗೆ ಬಂದ ಲಿಖಿತ ಆಧಾರ ಒಂದೇ: ದಾಳಿ ನಡೆಸಿದ ಅಧಿಕಾರಿಯ ವರದಿಯ ಟೈಪ್ ಮಾಡಿದ ಪ್ರತಿ. ನಾಲ್ಕು ಹಾಳೆ. ಬಾಗಿಲ ಮೂಲಕ ಒಳಹೊಕ್ಕದ್ದು, ಅಂಗಳದಲ್ಲಿ ಕತ್ತಿ ಮತ್ತು ಬಂದೂಕಿನ ತುದಿಯ ಚೂರಿಯಿಂದ ಕಾದಾಡಿದ್ದು, ಶರಣಾದವರನ್ನು ಬಾವಿಯ ಗೋಡೆಗೆ ನಿಲ್ಲಿಸಿ ಗುಂಡಿಟ್ಟದ್ದು, ಉಳಿದವರನ್ನು ದಿನಕ್ಕಿಷ್ಟರಂತೆ ಗಲ್ಲಿಗೆ ಹಾಕಿದ್ದು ಅದರಲ್ಲಿತ್ತು. ಹೆಣಗಳನ್ನು ಇಳಿಸಬಾರದು ಎಂಬ ಆದೇಶವೂ ಇತ್ತು, ನದಿಯಾಚೆಯವರಿಗೆ ಕಾಣಲಿ ಎಂದು. ಸತ್ತ ಕಂಪನಿ ಸೈನಿಕರಿಗೆ ಹೆಸರಿತ್ತು. ಒಳಗಿನವರಿಗೆ ಬರೀ ಸಂಖ್ಯೆ, ಅದೂ ಅಂದಾಜು. ಬಾಗಿಲು ಹೇಗೆ ತೆರೆಯಿತು ಎಂಬುದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಆ ಖಾಲಿ ಜಾಗವನ್ನು ಊರು ತುಂಬಿತು. ಕೋಟೆ ಸಮಿತಿಯ ಅಧ್ಯಕ್ಷರು ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಹಿಡುವಳಿದಾರರು. ಊರು ಅವರನ್ನು ಸಾವಕಾರ ಎನ್ನುತ್ತದೆ. ಮೊದಲ ದಿನ ಅವರು ನನ್ನನ್ನು ಬಾಗಿಲ ಹೊರಗೆ, ನೆಲದಿಂದ ಮೊಣಕಾಲೆತ್ತರ ಎದ್ದ ಒಂದು ಕಲ್ಲಿನ ಮುಂದೆ ನಿಲ್ಲಿಸಿದರು. ಕಲ್ಲಿನ ನೆತ್ತಿ ತವೆಯ ಹಾಗೆ ಸವೆದಿತ್ತು.

"ಮೊದಲ ಇದಕ್ಕ ಒಂದ ಹೊಡೀರಿ, ಆಮ್ಯಾಲ ಒಳಗ ಹೋಗೂಣು. ಎಡಗಾಲಿನ ಚಪ್ಪಲಿ ತಗೀರಿ."

"ಯಾಕ್ರಿ?"

"ಫಿತೂರಿ ಕಲ್ಲರೀ ಇದು. ಬಾಗಲಾ ಕಾಯಾಂವ ಒಂದ ಜೋಡ ಬೆಳ್ಳಿ ಕಡಗದ ಆಶೆಕ್ಕ ಕ್ವಾಟಿ ಮಾರಿದ. ಅಗಳಿಗೆ ಬೆಣ್ಣಿ ಸವರಿದ್ನಂತ, ಜಾರಿಸೂವಾಗ ಸಪ್ಪಳ ಆಗಬಾರ್ದಂತ. ಅವರ ಮನ್ಯಾರಿಗೆ ಇನ್ನೂ ಬೆಣ್ಣಿಗೈ ಅಂತೀವಿ."

"ಆ ಮನ್ಯಾರು ಅದಾರೇನ್ರಿ?"

"ಅದಾರಲ್ಲ, ಕುರಿ ಕಾಯ್ತಾರ. ಒಳ್ಳೇ ಮಂದಿ, ಸುಳ್ಳ ಯಾಕ ಹೇಳ್ಲಿ. ನಮ್ಮ ಹೊಲದಾಗೂ ಅವರ ಕುರೀನ ನಿಲ್ಲಸ್ತೀವಿ, ಗೊಬ್ಬರಕ್ಕ. ಹೊಡೀರಿ, ಹೊಡೀರಿ."

ನಾನು ಹೊಡೆದೆ. ಸುತ್ತ ನಿಂತವರು ನಕ್ಕರು. ಬೆಣ್ಣೆಯ ವಿವರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಓದುಗನನ್ನು ಹಿಡಿದು ನಿಲ್ಲಿಸುವ ವಿವರ ಅದು ಎಂದು ಆಗಲೇ ಗೊತ್ತಾಗಿತ್ತು.

ಆ ಮನೆಯ ಕುರಿಗಾರ ಅದೇ ವಾರ ಸಿಕ್ಕ. ನಲವತ್ತರ ಆಸುಪಾಸಿನವನು. ಕೋಟೆಯ ಹಿಂದೆ ಗೋಡೆ ಕುಸಿದ ಕಿಂಡಿಯಿಂದ ಕುರಿಗಳನ್ನು ಒಳಗೆ ಬಿಟ್ಟುಕೊಂಡು, ಹೆಗಲ ಮೇಲಿನ ಕಂಬಳಿ ಸರಿಮಾಡುತ್ತ ಬಂದ. ಬಾಗಿಲಿನಿಂದ ಯಾಕೆ ಬರುವುದಿಲ್ಲ ಎಂದು ಕೇಳಿದೆ.

"ಬಾಗಲಾ ತಗಿಯೂ ಕೆಲಸ ನಮ್ಮ ಮನ್ಯಾಂವ ಒಬ್ಬಾಂವ ಮಾಡಿ ಮುಗಿಸ್ಯಾನಂತಲ್ರಿ. ನಮಗ ಅಲ್ಲೇನ ಉಳದೈತಿ?"

"ಖರೇನೋ ಸುಳ್ಳೋ?"

"ನಾ ಅವತ್ತ ಇದ್ದಿಲ್ರಿ. ಕುರಿ ಮೇಸಾಕ ಹೋಗಿದ್ದೆ."

ನಗುತ್ತಲೇ ಹೇಳಿದ. ಅದನ್ನೂ ಬರೆದುಕೊಂಡೆ. ಫಲಕಕ್ಕೆ ಬಳಸಲಿಲ್ಲ.

ದುರಸ್ತಿ ಕೆಲಸ ನಡೆಯುವಾಗ ನಾಲ್ಕೈದು ಸಲ ಹೋಗಿ ನೋಡಿದೆ. ಬಾಗಿಲ ಕಮಾನಿನ ಎರಡೂ ಬದಿಯ ಗೋಡೆಯಲ್ಲಿ ಇಟ್ಟಿಗೆಯಿಂದ ಮುಚ್ಚಿದ ಚೌಕಗಳಿದ್ದವು. ಅವು ಹಳೆಯ ಅಗಳಿಯ ಜಾಗ ಎಂದು ಗೋಡೆ ಕಟ್ಟುತ್ತಿದ್ದ ಗೌಂಡಿ ವಿವರಿಸಿದ. ಬಾಗಿಲ ಹಿಂದೆ ಅಡ್ಡಲಾಗಿ ಬೀಳುವ ದಪ್ಪ ತೊಲೆಯೇ ಅಗಳಿ. ಬಾಗಿಲು ತೆರೆದಿದ್ದಾಗ ಅದು ಬಲಗೋಡೆಯೊಳಗಿನ ಉದ್ದನೆಯ ಪೊಳ್ಳಿನಲ್ಲಿ ಪೂರ್ತಿ ಸೇರಿಕೊಂಡಿರುತ್ತದೆ. ಮುಚ್ಚಿದಾಗ ಎಳೆದರೆ ಅದರ ತುದಿ ಎಡಗೋಡೆಯ ಗೂಡಿನೊಳಗೆ ಹೋಗಿ ಕೂರುತ್ತದೆ. ಬ್ರಿಟಿಷರು ಹೊಸ ಬಾಗಿಲು ಕೂರಿಸಿದಾಗ ತಮ್ಮ ಅಗಳಿಯನ್ನು ಮೇಲಕ್ಕೆ ಹಾಕಿಕೊಂಡು, ಹಳೆಯ ಎರಡೂ ತೂತುಗಳನ್ನು ತಮ್ಮ ಇಟ್ಟಿಗೆಯಿಂದ ಮುಚ್ಚಿದ್ದರು. ಈಗ ಆ ಇಟ್ಟಿಗೆ ಸಡಿಲಾಗಿತ್ತು. ಗೌಂಡಿ ಎಡಗಡೆಯದನ್ನು ಬಿಚ್ಚಿ ಕೈ ಹಾಕಿದ.

"ಒಳಗ ಕಟಗಿ ಐತ್ರಿ, ಸಾಹೇಬ್ರ."

"ಇರ್ಲಿ, ಮುಚ್ಚು," ಎಂದ ಗುತ್ತಿಗೆದಾರರ ಎಂಜಿನಿಯರ್. "ಕಮಾನಿನ ಭಾರ ಅಲ್ಲೇ ಬೀಳತೈತಿ. ಪೊಳ್ಳ ಬಿಡಬ್ಯಾಡ."

ಗೌಂಡಿ ಕಲ್ಲುಚೂರು, ಸುಣ್ಣದ ಗಾರೆ ತುಂಬಿ ಮುಚ್ಚಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡಿದ್ದನ್ನೆಲ್ಲ ಬರೆದುಕೊಳ್ಳುವುದು ನನ್ನ ಅಭ್ಯಾಸ. ಬರೆದುಕೊಂಡೆ. ಯೋಚಿಸಲಿಲ್ಲ.

ಫಲಕಕ್ಕೆ ಮೂರು ಪ್ಯಾರಾ ಬರೆದುಕೊಟ್ಟೆ. ಮೊದಲನೆಯದು ದಾಳಿ. ಎರಡನೆಯದು ಬೆಣ್ಣೆ, ಬೆಳ್ಳಿ ಕಡಗ. ಮೂರನೆಯದು ಎರಡೇ ಸಾಲು: ಬಾಗಿಲ ಕಥೆ ಊರಿನ ಬಾಯಿಮಾತು, ದಾಖಲೆಯಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಫಲಕದ ಕಲ್ಲು ಸಾಗಿಸುವಾಗ ಅದರ ಕೆಳತುದಿ ಮುರಿಯಿತು. ಕೊನೆಯ ಎರಡು ಸಾಲು ಹಿಡಿಯುತ್ತಿಲ್ಲ, ತೆಗೆಯೋಣವೇ ಎಂದು ಎಂಜಿನಿಯರ್ ಮೊಬೈಲಿಗೆ ಕೇಳಿ ಕಳಿಸಿದ. ಸಂಜೆ, ಪತ್ರಿಕೆಯ ಪುಟ ಅಚ್ಚಿಗೆ ಹೋಗುವ ಹೊತ್ತು. ಜಾಗ ಸಾಲದಿದ್ದರೆ ವರದಿಯನ್ನು ಕೆಳಗಿನಿಂದ ಕತ್ತರಿಸಬೇಕು ಎಂಬುದು ನಾವು ಮೊದಲು ಕಲಿಯುವ ಪಾಠ. ಮುಖ್ಯವಲ್ಲದ್ದನ್ನು ಕೆಳಗಿಡುವುದು ಎರಡನೆಯ ಪಾಠ. 'ತೆಗೆಯಿರಿ' ಎಂದು ಉತ್ತರಿಸಿ ಕೆಲಸಕ್ಕೆ ತಿರುಗಿದೆ.

ಕೋಟೆ ತೆರೆಯಿತು. ಭಾನುವಾರಗಳಂದು ನಿಪ್ಪಾಣಿಯಿಂದ, ಗಡಿಯಾಚೆಯ ಊರುಗಳಿಂದ ಜನ ಬರತೊಡಗಿದರು. ಫಲಕ ಓದುವುದು, ಕಲ್ಲಿಗೆ ಚಪ್ಪಲಿಯಿಂದ ಹೊಡೆಯುವುದು, ಅದನ್ನು ಮೊಬೈಲಿನಲ್ಲಿ ಹಿಡಿಯುವುದು ರೂಢಿಯಾಯಿತು. ಊರಿನವರಿಗೆ ಅದು ಹಳೆಯ ಚೇಷ್ಟೆ. ಹೊಡೆದವನೇ ಸಂಜೆ ಅದೇ ಮನೆಗೆ ಹೋಗಿ ತನ್ನ ಹೊಲದಲ್ಲಿ ನಿಲ್ಲಿಸಲು ಕುರಿ ಕೇಳುತ್ತಿದ್ದ. ಹೊರಗಿನವರಿಗೆ ಆ ಸಂಜೆ ಗೊತ್ತಿರಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಹೊಡೆದವರೇ ತೆಗೆದ ವಿಡಿಯೊದಲ್ಲಿ ನೋಡಿದೆ. ನಾಲ್ಕು ನಿಮಿಷದ್ದು. ವರದಿಗಾಗಿ ಅದನ್ನು ನಿಲ್ಲಿಸಿ ನಿಲ್ಲಿಸಿ ಹತ್ತಾರು ಸಲ ನೋಡಬೇಕಾಯಿತು. ಕುರಿಗಾರ ಕಿಂಡಿಯಿಂದ ಒಳಗೆ ಬರುತ್ತಾನೆ. ಯಾರೋ ಅವನನ್ನು ತೋರಿಸಿ "ಬೆಣ್ಣಿಗೈ, ಬೆಣ್ಣಿಗೈ" ಎನ್ನುತ್ತಾರೆ. ಏಳೆಂಟು ಯುವಕರು ಅವನನ್ನು ಬಾಗಿಲವರೆಗೆ ಎಳೆದು ತರುತ್ತಾರೆ. ಫಲಕ ಓದು ಎನ್ನುತ್ತಾರೆ. ಓದಲು ಬರುವುದಿಲ್ಲ ಎನ್ನುತ್ತಾನೆ. ಕೆನ್ನೆಗೆ ಚಪ್ಪಲಿಯ ಏಟು. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಉಳಿದವರು ಅವನ ಬಾಯಿಂದ ಒಂದೊಂದೇ ಶಬ್ದ ಹೇಳಿಸುತ್ತಾರೆ. ನನ್ನ ವಾಕ್ಯಗಳು. ಮತ್ತೊಬ್ಬ ಅಂಗಡಿಯಿಂದ ಬೆಣ್ಣೆಯ ಪೊಟ್ಟಣ ತಂದು ಅವನ ಎರಡೂ ಕೈಗೆ ಸವರಿ, ಮೇಲೆತ್ತು ಎನ್ನುತ್ತಾನೆ. ಎತ್ತುತ್ತಾನೆ. ತಪ್ಪಾತು ಅನ್ನು ಎನ್ನುತ್ತಾರೆ. ಅವನು ಸುಮ್ಮನಿರುತ್ತಾನೆ. ಮತ್ತೆ ಕೇಳುತ್ತಾರೆ. ಸುಮ್ಮನಿರುತ್ತಾನೆ. ಆಗ ಇಬ್ಬರು ಅವನ ಬಲಗೈಯನ್ನು ಫಿತೂರಿ ಕಲ್ಲಿನ ಮೇಲೆ ಒತ್ತಿ ಹಿಡಿಯುತ್ತಾರೆ, ಮೂರನೆಯವನು ದುರಸ್ತಿಯಲ್ಲಿ ಉಳಿದ ಒಂದು ಕಲ್ಲನ್ನು ಎರಡೂ ಕೈಯಿಂದ ಎತ್ತುತ್ತಾನೆ. ಬೆಣ್ಣೆಗೆ ಕೈ ಒಮ್ಮೆ ಜಾರಿತು. ಹಿಡಿದು ಮತ್ತೆ ಇಟ್ಟರು.

ಪೊಲೀಸರು ಆರು ಜನರನ್ನು ಹಿಡಿದರು. ಅದನ್ನು ವರದಿ ಮಾಡಿದೆ. ಫಲಕ ಬರೆದವನು ನಾನೇ ಎಂಬುದನ್ನು ಆ ವರದಿಯಲ್ಲಿ ಬರೆಯಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಕುರಿಗಾರ ಮಲಗಿದ್ದ. ಅವನ ತಾಯಿ ಮಂಚದ ಪಕ್ಕ ನೆಲದ ಮೇಲೆ ಕುಳಿತು ಅವನಿಗೆ ತಿನ್ನಿಸಲು ರೊಟ್ಟಿ ಮುರಿದು ಹಾಲಿಗೆ ಹಾಕುತ್ತಿದ್ದಳು.

"ಕಲ್ಲಿನ ಮ್ಯಾಲ ಬರದಾವ್ರು ನೀವನ?"

"ಹೌದಬೇ."

"ಮೊದಲ ಬರೇ ಬಾಯಾಗ ಅಂತಿದ್ರು. ಬಾಯಾಗಿನ ಮಾತ ಗಾಳಿಗಿ ಹೋಗತಿತ್ತು. ನೀವ ಕಟದ ಇಟ್ರಿ." ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು: "ಬೆಣ್ಣಿ ಅಂತ ನಿಮಗ ಯಾರ ಹೇಳಿದ್ರು?"

"ಊರಾಗ ಹೇಳಿದ್ರು."

"ಊರಾಗ ಅಂದ್ರ ಎಷ್ಟ ಮಂದಿ?"

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಸಂಪಾದಕರು ಪ್ರತಿ ವರದಿಗೂ ಕೇಳುತ್ತಿದ್ದ ಪ್ರಶ್ನೆ ಅದು. ಸಾವಕಾರರು ಹೇಳಿದ್ದರು. ಉಳಿದವರು ತಲೆಯಾಡಿಸಿ ನಕ್ಕಿದ್ದರು. "ಒಬ್ಬರು," ಎಂದೆ.

ಅವಳು ಮತ್ತೆ ರೊಟ್ಟಿ ಮುರಿಯತೊಡಗಿದಳು.

ಫಲಕವನ್ನು ಸದ್ದಿಲ್ಲದೆ ತೆಗೆಸಿಬಿಡುವುದು ನನ್ನ ಮೊದಲ ಯೋಚನೆ. ಎಂಜಿನಿಯರ್ ಕೂಡಲೇ ಒಪ್ಪಿದ. ಬೇಡ ಎಂದವನು ಕುರಿಗಾರ. "ಈಗ ತಗದ್ರ, ಕೇಸಿಗಿ ಅಂಜಿ ತಗಸ್ಯಾರ ಅಂತಾರ್ರಿ. ಅಂದ್ರ ಅದ ಖರೇ ಅಂದಂಗ ಆತು. ಆಗಲೇ ಮೂರ ಮಂದಿ ಹೊಲದಾಗ ಕುರಿ ಬ್ಯಾಡ ಅಂದಾರ. ಊರಾಗ ಕುರಿ ನಿಲ್ಲಸಾಕ ಜಾಗಾ ಇಲ್ಲಂದ್ರ ನಾ ಊರ ಬಿಡಬೇಕ. ಕೈ ಹ್ವಾದ್ರ ಹೋಗ್ಲಿ."

ಚಿಕ್ಕೋಡಿಗೆ ಬಂದು ಟಿಪ್ಪಣಿ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ತಪ್ಪಾದಾಗ ನಾನು ಮಾಡುವುದು ಇಷ್ಟೇ: ಏನು ಬರೆದೆ ಎಂಬುದನ್ನು ಬದಿಗಿಟ್ಟು, ಏನು ನೋಡಿದ್ದೆ ಎಂದು ಹುಡುಕುವುದು. ಬಾಗಿಲ ಕೆಲಸದ ದಿನದ ಪುಟದಲ್ಲಿ ಒಂದು ಸಾಲಿತ್ತು: 'ಎಡಗೂಡು: ಕಟ್ಟಿಗೆ, ಕಪ್ಪು, ಒಂದು ಮೊಳದಷ್ಟು. ಮುಚ್ಚಿದರು.'

ಎಡಗೂಡು. ಅಗಳಿಯನ್ನು ಜಾರಿಸಿ ಬಾಗಿಲು ತೆರೆದಿದ್ದರೆ ಎಡಗೂಡಿನಲ್ಲಿ ಏನೂ ಇರಬಾರದು. ತೊಲೆ ಪೂರ್ತಿ ಬಲಗೋಡೆಯೊಳಗೆ ಹೋಗಿರಬೇಕು. ಆದರೆ ನನ್ನ ಬಳಿ ಇದ್ದದ್ದು ಒಂದು ಸಾಲು ಮಾತ್ರ. ಗೌಂಡಿ ಕೈಯಿಂದ ಮುಟ್ಟಿದ್ದ, ಯಾರೂ ಹೊರಗೆಳೆದು ನೋಡಿರಲಿಲ್ಲ. ಅದು ಬೇರಾವುದೋ ಕಟ್ಟಿಗೆಯ ತುಂಡೂ ಆಗಿರಬಹುದಿತ್ತು.

ಗೂಡನ್ನು ಮತ್ತೆ ಬಿಚ್ಚಬೇಕು, ಅದೂ ಊರಿನವರೆಲ್ಲರ ಎದುರು ಎಂದು ತೀರ್ಮಾನಿಸಿದೆ. ಮೊದಲು ಗುಟ್ಟಾಗಿ ಬಿಚ್ಚಿ ನೋಡಿ ಬರೋಣ ಎಂದ ಎಂಜಿನಿಯರ್. ಹಾಗೆ ಮಾಡಿದರೆ ನಾವೇ ಇಟ್ಟೆವು ಎನ್ನುತ್ತಾರೆ ಎಂದೆ. ಇಲಾಖೆಯಿಂದ ಲಿಖಿತ ಅನುಮತಿ ಪಡೆಯಲು ಹದಿನೈದು ದಿನ ಓಡಾಡಿದೆ. ಪಂಚನಾಮೆಗೆ ಪೊಲೀಸರನ್ನು ಕರೆದೆ. ಸಾಕ್ಷಿಯಾಗಿ ಸಾವಕಾರರೇ ಬೇಕೆಂದು ಅವರ ಮನೆಗೆ ಹೋದೆ. ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೆ: ಗೂಡಿನಲ್ಲಿ ಅಗಳಿಯ ತುದಿ ಸಿಗದಿದ್ದರೆ ಫಲಕ ಹಾಗೆಯೇ ಉಳಿಯುತ್ತದೆ, ಆ ಸಂಗತಿಯನ್ನು ನನ್ನ ಹೆಸರಿನಲ್ಲಿ ಪ್ರಕಟಿಸುತ್ತೇನೆ.

ಅವರು ಅದನ್ನು ಎರಡು ಸಲ ಓದಿದರು. "ನಮ್ಮ ಅಜ್ಜ ಹೇಳಿದ್ದ ಸುಳ್ಳ ಅನ್ನೂದ ನೋಡಾಕ ನನ್ನ ಕರ್ಯಾಕ ಬಂದೀರಿ. ಧೈರ್ಯ ಐತಿ ಬಿಡ್ರಿ ನಿಮ್ಮದು."

ಹಾಳೆಯನ್ನು ಕುರಿಗಾರನಿಗೂ ಓದಿ ಹೇಳಿದೆ. ಸಿಗದಿದ್ದರೆ ಅವನ ಪಾಡು ಈಗಿನದಕ್ಕಿಂತ ಕೆಡುತ್ತದೆ ಎಂಬುದನ್ನೂ ಹೇಳಿದೆ. "ಬಿಚ್ಚರಿ," ಎಂದ. "ಕೈ ಮುರದ ಮ್ಯಾಲ ಬೆರಳಿಗಿ ಯಾಕ ಅಂಜೂದು?"

ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ಊರಿನವರ ಜೊತೆಗೆ ಜೈಲಿನಲ್ಲಿದ್ದ ಹುಡುಗರ ಕಡೆಯವರೂ ಬಂದಿದ್ದರು. ಕುರಿಗಾರ ಒಂದು ಬದಿಗೆ ನಿಂತಿದ್ದ. ಅದೇ ಗೌಂಡಿ, ತನ್ನದೇ ಗಾರೆ. ಕೆತ್ತಲು ಒಂದು ಗಂಟೆ ಹಿಡಿಯಿತು. ಗುಂಪಿನಲ್ಲಿ ಒಬ್ಬ ಕೂಗಿದ: "ಬಾಗಲಾ ಮಾರಿದಾವ್ರಿಗೆ ಈಗ ಗ್ವಾಡಿನೂ ಮಾರ್ರಿ!" ಅದರ ಹಿಂದೆಯೇ ಒಂದು ಕಲ್ಲು ಬಂತು. ಗೌಂಡಿಯ ಕಿವಿಯ ಮೇಲೆ ತಾಗಿ ನೆತ್ತರು ಕುತ್ತಿಗೆಗೆ ಇಳಿಯಿತು. ಇನ್ನೆರಡು ಕಲ್ಲು ಗೋಡೆಗೆ ಬಡಿದವು. ಪೊಲೀಸರು ಲಾಠಿ ಎತ್ತಿದರು. ನಾಲ್ಕೈದು ಜನ ಬಿದ್ದರು, ಒಬ್ಬನ ಹಲ್ಲು ಮುರಿಯಿತು. ಗುಂಪು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿದು ನಿಂತಿತು.

ಗೌಂಡಿ ಟವೆಲ್ಲನ್ನು ತಲೆಗೆ ಬಿಗಿದುಕೊಂಡು ಉಳಿ ಎತ್ತಿದ. "ಒಗದಾಂವ ಯಾಂವಲೇ? ಗುರಿ ಇಲ್ಲದ ಮಗನ, ನಾ ಗೌಂಡಿ ಅದೀನಿ, ಕುರಿಗಾರ ಅಲ್ಲಿ ನಿಂತಾನ!" ಎಂದ. ಗುಂಪಿನಲ್ಲೇ ಕೆಲವರು ನಕ್ಕರು. ಆ ನಗುವಿನಿಂದ ಉಳಿದ ಕೆಲಸ ಸಾಗಿತು.

ಕಟ್ಟಿಗೆ ಇತ್ತು. ಒಂದು ಮೊಳಕ್ಕೆ ಸ್ವಲ್ಪ ಹೆಚ್ಚು, ತೊಡೆಯ ದಪ್ಪ. ಒಳತುದಿ ನೀಟಾಗಿ ಕೆತ್ತಿದ್ದು, ಗೂಡಿನ ಅಳತೆಗೆ ಸರಿಯಾಗಿ ಕೂತಿತ್ತು. ಹೊರತುದಿ ಸೀಳಿ ಸೀಳಿ ಮುರಿದು ಕರ್ರಗಾಗಿತ್ತು. ಅದಕ್ಕೆ ಬಡಿದ ಕಬ್ಬಿಣದ ಪಟ್ಟಿ ಕೋಟೆಯ ಒಳಬದಿಗೆ ಬಾಗಿತ್ತು. ಹಿಂದಕ್ಕೆ ಸರಿಸಿದ ತೊಲೆ ಅಲ್ಲಿದೆಯೇ ಎಂದು ಬಲಗೋಡೆಯ ಉದ್ದನೆಯ ಪೊಳ್ಳನ್ನೂ ಬಿಚ್ಚಿಸಿದೆ. ಖಾಲಿ.

ಸಾವಕಾರರು ಬಗ್ಗಿ ನೋಡಿದರು. "ಆಮ್ಯಾಲ ಬೆಂಕಿ ಹತ್ತಿ ಸುಟ್ಟಿರಬೇಕ," ಎಂದರು.

ಪಕ್ಕದ ಊರಿನಿಂದ ಕರೆಸಿದ್ದ ಮುದಿ ಬಡಿಗ ಮುರಿದ ತುದಿಯ ಮೇಲೆ ಬೆರಳು ಆಡಿಸಿದ. "ಸುಟ್ರ ಬೂದಿ ಆಕ್ಕೈತ್ರಿ ಸಾವ್ಕಾರ್ರ. ಇದು ಮುರದದ್ದು. ಹೊರಗಿಂದ ಮದ್ದ ಹಾರಸ್ಯಾರ, ಕಬ್ಬಿಣ ನೋಡ್ರಿ ಎತ್ತಾಗ ಬಾಗೇತಿ. ಅಗಳಿ ಹಾಕಿದ್ದ ಬಾಗಲಾನ ಒಡದಾರ. ತಗದಿದ್ರ ಈ ತುದಿ ಇಲ್ಲಿ ಹ್ಯಾಂಗ ಕುಂದರತಿತ್ತು?"

"ಬೆಣ್ಣಿ?" ಎಂದು ಯಾರೋ ಕೇಳಿದರು.

"ಬೆಣ್ಣಿ ನಿಮ್ಮ ರೊಟ್ಟಿಗಿ ಹಚ್ಚಗೋರಿ."

ಸಾವಕಾರರು ಮುರಿದ ತುದಿಯನ್ನು ತಾವೂ ಮುಟ್ಟಿ ನೋಡಿದರು. ಪಂಚನಾಮೆಗೆ ಸಹಿ ಹಾಕಿ ಪೆನ್ನು ಮುಚ್ಚುವಾಗ ಅವರ ಮುಖ ಬೇರೆಯಾಗಿತ್ತು. "ಅಂದ್ರ ಬಾಗಲಾ ಕಾಯಾಂವ ಅಲ್ಲೇ ನಿಂತ ಸತ್ತಾನ ಅಂದಂಗಾತು. ವೀರ ಅಂವಾ! ಮೂರ್ತಿ ನಿಲ್ಲಸೂಣ್ರಿ. ನಾ ಮುಂದಾಗತೀನಿ. ನೀವ ಬರೀರಿ, ಕಡೀ ಉಸರ ಇರೂತನಕಾ ಅಗಳಿ ಹಿಡದಿದ್ದ ಅಂತ."

ಒಳ್ಳೆಯ ಸಾಲು. ಓದುಗನನ್ನು ಹಿಡಿದು ನಿಲ್ಲಿಸುವಂಥದ್ದು. "ಹಿಡದಿದ್ದ ಅಂತ ಯಾರ ನೋಡ್ಯಾರ್ರಿ?" ಎಂದೆ. ಅಗಳಿ ಹಾಕಿತ್ತು ಎಂದು ಮರ ಹೇಳುತ್ತದೆ. ಅದರ ಹಿಂದೆ ಯಾರು ನಿಂತಿದ್ದರು ಎಂದು ಹೇಳುವುದಿಲ್ಲ. ಕಥೆಯನ್ನು ಮೊದಲು ಯಾರು ಕಟ್ಟಿದರು ಎಂಬುದಕ್ಕೂ ನನ್ನಲ್ಲಿ ಆಧಾರವಿಲ್ಲ. ಬರೆಯಲಿಲ್ಲ.

ಹೊಸ ಫಲಕ ಹಳೆಯದರಷ್ಟೇ ದೊಡ್ಡದು, ಅಕ್ಷರವೂ ಅಷ್ಟೇ. ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದ ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳುವ ನಮ್ಮ ಪದ್ಧತಿ ಇಲ್ಲಿ ಬೇಡವೆಂದು ಹಟ ಹಿಡಿದೆ. ಅದರಲ್ಲಿ ಇಷ್ಟಿದೆ: ಬಾಗಿಲನ್ನು ಒಳಗಿನಿಂದ ಯಾರೂ ತೆರೆಯಲಿಲ್ಲ. ಅಗಳಿ ಹಾಕಿದ್ದ ಬಾಗಿಲನ್ನು ಕಂಪನಿಯವರು ಮದ್ದಿಟ್ಟು ಒಡೆದರು. ಮುರಿದ ತುದಿ ಎಡಗೂಡಿನಲ್ಲಿದೆ, ನೋಡಿ. ಬಾಗಿಲು ಕಾಯುವವನ ಬಗ್ಗೆ ಇಲ್ಲಿ ಮೊದಲು ಕೆತ್ತಿದ್ದು ತಪ್ಪು, ಬರೆದವನು ಒಬ್ಬನ ಮಾತು ಕೇಳಿ ಬರೆದಿದ್ದ. ಈ ಕೊನೆಯ ವಾಕ್ಯವನ್ನು ತೆಗೆಯೋಣವೇ ಎಂದು ಎಂಜಿನಿಯರ್ ಮತ್ತೆ ಕೇಳಿದ. ಜಾಗ ಸಾಲದಿದ್ದರೆ ಮೇಲಿನದನ್ನು ತೆಗೆಯಿರಿ ಎಂದೆ. ಜಾಗ ಸಾಕಾಯಿತು.

ಹೊಲದಲ್ಲಿ ಕುರಿ ಬೇಡವೆಂದಿದ್ದ ಮೂವರಲ್ಲಿ ಇಬ್ಬರು ಮತ್ತೆ ಕರೆಸಿಕೊಂಡರು. ಕುರಿಗಾರನ ಬೆರಳುಗಳಲ್ಲಿ ಒಂದು ಇನ್ನೂ ಮಡಚುವುದಿಲ್ಲ. ಅವನು ಈಗಲೂ ಹಿಂದಿನ ಕಿಂಡಿಯಿಂದಲೇ ಬರುತ್ತಾನೆ. ಕೇಳಿದರೆ, "ಕುರಿಗಿ ಅದ ಹತ್ರ ಆಕ್ಕೈತ್ರಿ," ಎನ್ನುತ್ತಾನೆ.

ಫಿತೂರಿ ಕಲ್ಲಿನ ಮಾತು ಉಳಿದಿತ್ತು. ಅದನ್ನು ತಮಗೆ ಕೊಡಿ ಎಂದು ಅವನ ತಾಯಿ ಕೇಳಿದಳು. ಸಂರಕ್ಷಿತ ಸ್ಥಳದ ಕಲ್ಲು ಅಲುಗಿಸಲು ಬರುವುದಿಲ್ಲ ಎಂದು ಇಲಾಖೆ ತಿಳಿಸಿತು. ಹೊಸ ಫಲಕ ಬಂದ ಮೇಲೂ ಜನ ಹೊಡೆಯುವುದು ನಿಂತಿರಲಿಲ್ಲ. ಬಂದವರೆಲ್ಲ ಓದುವುದಿಲ್ಲ, ಮುಂದಿನವನು ಹೊಡೆದನೆಂದು ಹಿಂದಿನವನೂ ಹೊಡೆಯುತ್ತಾನೆ.

ತಿಂಗಳಾದ ಮೇಲೆ ಒಂದು ಭಾನುವಾರ ಹೋದೆ. ಬಾಗಿಲ ಮುಂದೆ ಹತ್ತು ಹದಿನೈದು ಜನ ನಿಂತಿದ್ದರು. ಆ ತಾಯಿ ಫಿತೂರಿ ಕಲ್ಲಿನ ಮೇಲೆ ಕುಳಿತಿದ್ದಳು. ಸವೆದ ತಗ್ಗು ಕೂರಲು ಅನುಕೂಲವಾಗಿಯೇ ಇತ್ತು. ತನ್ನ ಚಪ್ಪಲಿಯನ್ನು ಪಕ್ಕಕ್ಕೆ ಬಿಚ್ಚಿಟ್ಟು, ಮಡಿಲಲ್ಲಿ ಉಣ್ಣೆ ಇಟ್ಟುಕೊಂಡು ಕಸ ಆರಿಸುತ್ತಿದ್ದಳು. ಭಾನುವಾರ ಬಾಗಿಲು ತೆರೆದಾಗ ಬಂದು, ಮುಚ್ಚುವಾಗ ಏಳುತ್ತಾಳೆ ಎಂದು ಕಾವಲುಗಾರ ಹೇಳಿದ. ಸಾಲಿನ ಮುಂದೆ ಪ್ಯಾಂಟು ತೊಟ್ಟ ಒಬ್ಬ ಗಂಡಸು ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಅವಳು ಏಳಲೆಂದು ಕಾಯುತ್ತಿದ್ದ. ಅವನ ಹೆಂಡತಿ ಮೊಬೈಲು ಎತ್ತಿ ಹಿಡಿದಿದ್ದಳು.

ಅವಳು ತಲೆ ಎತ್ತಿದಳು. "ಏನ ಬೇಕಿತ್ತಪಾ?"

ಅವನು ಅವಳನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ. ಆಮೇಲೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ.